ಸರ್ವೆಗೆ ಬಂದವರು ಉತ್ತರ ಹೇಳೋಕೂ ಬರಲಿ

ನಮ್ಮ ಊರುಗಳಿಗೆ ವರ್ಷಕ್ಕೆ ಎಷ್ಟು ಸಲ ಸರ್ವೆಯವರು ಬಂದು ಹೋಗುತ್ತಾರೆ ಎಂದು ಯಾರೂ ಲೆಕ್ಕ ಇಟ್ಟಂತಿಲ್ಲ. ಒಮ್ಮೆ ಎಂಎಸ್‌ಡಬ್ಲ್ಯು ಓದುವ ಹುಡುಗರು ಬರುತ್ತಾರೆ. ಇನ್ನೊಮ್ಮೆ ಮೆಡಿಕಲ್ ಕಾಲೇಜಿನ ಬಸ್ಸು ಬರುತ್ತದೆ. ಮತ್ತೊಮ್ಮೆ ಕೈಯಲ್ಲಿ ಟ್ಯಾಬ್ ಹಿಡಿದ ಯಾವುದೋ ಸಂಸ್ಥೆಯವರು ಬರುತ್ತಾರೆ. ಮನೆಯಲ್ಲಿ ಎಷ್ಟು ಜನ, ಯಾವ ಜಾತಿ, ಗ್ಯಾಸ್ ಇದೆಯೋ ಕಟ್ಟಿಗೆ ಒಲೆಯೋ, ಶೌಚಾಲಯ ಇದ್ದರೆ ಬಳಸುತ್ತೀರೋ ಇಲ್ಲವೋ, ಕೊನೆಯ ಹೆರಿಗೆ ಎಲ್ಲಾಯಿತು, ಕೂಸು ತೀರಿಕೊಂಡಿದ್ದರೆ ಎಷ್ಟನೇ ದಿನಕ್ಕೆ, ಮನೆಯಲ್ಲಿ ಊಟ ಮೊದಲು ಯಾರಿಗೆ, ಕೊನೆಗೆ ಯಾರಿಗೆ. ನೆರೆಮನೆಯವರ ಮುಂದೂ ಹೇಳಿಕೊಳ್ಳದ ಸಂಗತಿಗಳನ್ನು ಹೆಣ್ಣುಮಕ್ಕಳು ಈ ಅಪರಿಚಿತರ ಮುಂದೆ ಹೇಳುತ್ತಾರೆ. ಒಂದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು, ಚಹಾ ಕುಡಿದು ಅವರು ಹೊರಡುತ್ತಾರೆ. ಅಲ್ಲಿಗೆ ಆ ಊರಿನ ಪಾಲಿಗೆ ಸಂಶೋಧನೆ ಮುಗಿಯಿತು.

ಆದರೆ ಸಂಶೋಧಕರ ಪಾಲಿಗೆ ಅದು ಆಗಷ್ಟೇ ಶುರುವಾಗಿರುತ್ತದೆ. ಉತ್ತರಗಳು ಅಂಕಿಗಳಾಗುತ್ತವೆ, ಅಂಕಿಗಳು ಕೋಷ್ಟಕಗಳಾಗುತ್ತವೆ, ಕೋಷ್ಟಕಗಳು ಇಂಗ್ಲಿಷ್ ಪ್ರಬಂಧವಾಗುತ್ತವೆ. ಯಾರಿಗೋ ಪಿಎಚ್‌ಡಿ ಸಿಗುತ್ತದೆ, ಯಾರಿಗೋ ಬಡ್ತಿ ಸಿಗುತ್ತದೆ, ಇನ್ಯಾರಿಗೋ ಮುಂದಿನ ಯೋಜನೆಗೆ ಹಣ ಸಿಗುತ್ತದೆ. ಇದರಲ್ಲಿ ತಪ್ಪೇನಿಲ್ಲ, ಕೆಲಸ ಮಾಡಿದವರಿಗೆ ಫಲ ಸಿಗಬೇಕು. ನಮ್ಮ ತಕರಾರು ಇಷ್ಟೇ: ಉತ್ತರ ಕೊಟ್ಟ ಊರಿಗೆ ಆ ಉತ್ತರಗಳೆಲ್ಲ ಸೇರಿ ಏನು ಹೇಳಿದವು ಎಂದು ತಿಳಿಯುವುದು ಯಾವಾಗ? ಅದನ್ನು ತಿಳಿಸುವುದು ಸೌಜನ್ಯವಲ್ಲ, ಉಪಕಾರವೂ ಅಲ್ಲ. ಅದು ಸಂಶೋಧನೆಯದೇ ಒಂದು ಭಾಗ ಆಗಬೇಕು. ಆರೋಗ್ಯವಂತ, ಸಮಾನ ಸಮುದಾಯಗಳನ್ನು ಕಟ್ಟುವುದು ಹೇಗೆ ಎಂದು ಕೇಳುವ ಸಂಶೋಧನೆಗಂತೂ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ. ಸಮಾನತೆಯ ಬಗ್ಗೆ ಅಧ್ಯಯನ ಮಾಡುತ್ತಾ, ತಿಳಿವಳಿಕೆಯನ್ನು ಮಾತ್ರ ಒಂದೇ ಕಡೆ ಕೂಡಿಟ್ಟುಕೊಳ್ಳುವುದು ಯಾವ ನ್ಯಾಯ?

ಸಂಶೋಧನೆಯ ವಿರುದ್ಧ ನಾವು ಮಾತಾಡುತ್ತಿಲ್ಲ. ಸಂಶೋಧನೆ ಹಳ್ಳಿಗೆ ಏನು ಮಾಡಬಲ್ಲದು ಎನ್ನುವುದಕ್ಕೆ ನಮ್ಮ ಓಣಿಯಲ್ಲೇ ಸಾಕ್ಷಿ ಇದೆ. ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3ನೇ ದಿನ, 7ನೇ ದಿನ, 14, 21, 28 ಮತ್ತು 42ನೇ ದಿನ ಬಂದು ಕೂಸನ್ನು ನೋಡಿ ಹೋಗಬೇಕು. ತೂಕ ಹಾಕಬೇಕು, ಮೈ ಬಿಸಿ ನೋಡಬೇಕು, ಹಾಲು ಕುಡಿಯುತ್ತಿದೆಯೇ ವಿಚಾರಿಸಬೇಕು, ಅಪಾಯದ ಲಕ್ಷಣ ಕಂಡರೆ ಆಸ್ಪತ್ರೆಗೆ ಕಳಿಸಬೇಕು. ಇದು ಸರ್ಕಾರದ ಕಾರ್ಯಕ್ರಮ, 2011ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ಆದರೆ ಇದರ ಬೇರು ದೆಹಲಿಯಲ್ಲಿಲ್ಲ, ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಹಳ್ಳಿಗಳಲ್ಲಿದೆ.

ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1980ರ ದಶಕದ ಮಧ್ಯದಲ್ಲಿ ಗಡ್‌ಚಿರೋಲಿಗೆ ಹೋಗಿ 'ಸರ್ಚ್' ಎಂಬ ಸಂಸ್ಥೆ ಕಟ್ಟಿದರು. ಅಲ್ಲಿ ಹುಟ್ಟಿದ ಕೂಸುಗಳು ಮೊದಲ ತಿಂಗಳಲ್ಲೇ ಸಾಯುತ್ತಿದ್ದವು. ಆಸ್ಪತ್ರೆ ದೂರ, ರಸ್ತೆ ಇಲ್ಲ, ಬಾಣಂತಿಯನ್ನು ಮನೆಯಿಂದ ಹೊರಗೆ ಕರೆದೊಯ್ಯುವ ರೂಢಿಯೂ ಇಲ್ಲ. ಕೂಸು ಆಸ್ಪತ್ರೆಗೆ ಹೋಗಲಾಗದಿದ್ದರೆ ಆರೈಕೆಯೇ ಕೂಸಿನ ಮನೆಗೆ ಹೋಗಲಿ ಎಂದು ಅವರು ಯೋಚಿಸಿದರು. ಆಯಾ ಊರಿನ, ಸ್ವಲ್ಪ ಓದಿದ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟರು. ಸೋಂಕು ಗುರುತಿಸುವುದು, ಅಗತ್ಯ ಬಿದ್ದರೆ ಇಂಜೆಕ್ಷನ್ ಕೊಡುವುದು ಕೂಡ ಅವರಿಗೆ ಕಲಿಸಿದರು. ಈ ಕೆಲಸ ನಡೆದ 39 ಹಳ್ಳಿಗಳನ್ನು, ನಡೆಯದ 47 ಹಳ್ಳಿಗಳ ಜೊತೆ ಹೋಲಿಸಿ ನೋಡಿದರು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೂರನೇ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಮರಣ ಶೇ 62ರಷ್ಟು ಇಳಿದಿತ್ತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಂಜೆಕ್ಷನ್ನಿನ ಬಗ್ಗೆ, ತರಬೇತಿಯ ಬಗ್ಗೆ ಹೇಳುತ್ತಾರೆ. ನಮಗೆ ಮುಖ್ಯ ಅನ್ನಿಸುವುದು ಇನ್ನೊಂದು. ಹುಟ್ಟು ಸಾವಿನ ಲೆಕ್ಕವನ್ನು ಬರೆದವರಲ್ಲಿ ಆ ಊರಿನ ಹೆಣ್ಣುಮಕ್ಕಳೂ ಇದ್ದರು. ಯಾವ ಮನೆಯ ಕೂಸು, ಎಷ್ಟು ತೂಕ, ಯಾವ ದಿನ ಹಾಲು ಬಿಟ್ಟಿತು ಎನ್ನುವುದು ಅವರಿಗೆ ಗೊತ್ತಿತ್ತು. ಅಂಕಿ ಊರಿನೊಳಗೇ ಹುಟ್ಟಿತು, ಊರಿನೊಳಗೇ ಬಳಕೆಯಾಯಿತು. ಪ್ರಬಂಧ ಆಮೇಲೆ ಬಂತು.

ಇನ್ನೊಂದು ಉದಾಹರಣೆ ಜಾರ್ಖಂಡ್ ಮತ್ತು ಒಡಿಶಾದ್ದು. ಅಲ್ಲಿ 'ಏಕಜುಟ್' ಎಂಬ ಸಂಸ್ಥೆ 2005ರಿಂದ ಮೂರು ವರ್ಷ, ಆದಿವಾಸಿಗಳು ಹೆಚ್ಚಿರುವ ಮೂರು ಜಿಲ್ಲೆಗಳಲ್ಲಿ, ಲಂಡನ್ನಿನ ಸಂಶೋಧಕರ ಜೊತೆ ಸೇರಿ ಒಂದು ಪ್ರಯೋಗ ಮಾಡಿತು. ಊರುಗಳನ್ನು 36 ಗುಂಪುಗಳಾಗಿ ವಿಂಗಡಿಸಿ, ಚೀಟಿ ಎತ್ತಿದ ಹಾಗೆ 18 ಗುಂಪುಗಳನ್ನು ಆರಿಸಿಕೊಂಡರು. ಆ ಊರುಗಳಲ್ಲಿ ತಿಂಗಳಿಗೊಮ್ಮೆ ಹೆಣ್ಣುಮಕ್ಕಳ ಸಭೆ. ಸಭೆ ನಡೆಸುವವಳು ಡಾಕ್ಟರಲ್ಲ, ನರ್ಸಲ್ಲ, ಅದೇ ಸೀಮೆಯ ಒಬ್ಬ ಹೆಣ್ಣುಮಗಳು. ಚಿತ್ರದ ಕಾರ್ಡುಗಳು, ಕಥೆ, ಆಟ. ನಮ್ಮ ಊರಲ್ಲಿ ಬಾಣಂತಿಯರಿಗೆ, ಕೂಸುಗಳಿಗೆ ಏನೇನು ತೊಂದರೆ ಆಗುತ್ತದೆ, ಅದರಲ್ಲಿ ಯಾವುದು ದೊಡ್ಡದು, ಅದಕ್ಕೆ ನಾವೇ ಏನು ಮಾಡಬಹುದು ಎಂದು ಅವರೇ ಮಾತಾಡಿ ತೀರ್ಮಾನಿಸುತ್ತಿದ್ದರು. ಊರಿನ ಉಳಿದವರನ್ನೂ ಕರೆದು ಆ ತೀರ್ಮಾನವನ್ನು ಮುಂದಿಡುತ್ತಿದ್ದರು. ಕೊನೆಗೆ ಏನಾಯಿತು ಎಂದು ತಾವೇ ತಿರುಗಿ ನೋಡುತ್ತಿದ್ದರು.

2010ರಲ್ಲಿ ಇದರ ಫಲಿತಾಂಶವೂ 'ಲ್ಯಾನ್ಸೆಟ್'ನಲ್ಲೇ ಬಂತು. ಮೂರು ವರ್ಷಗಳನ್ನು ಒಟ್ಟಿಗೆ ನೋಡಿದರೆ ಸಭೆ ನಡೆದ ಊರುಗಳಲ್ಲಿ ನವಜಾತ ಶಿಶು ಮರಣ ಶೇ 32ರಷ್ಟು ಕಡಿಮೆ. ಎರಡನೇ ಮತ್ತು ಮೂರನೇ ವರ್ಷ ಮಾತ್ರ ನೋಡಿದರೆ ಶೇ 45ರಷ್ಟು ಕಡಿಮೆ. ಮೂರನೇ ವರ್ಷದ ಹೊತ್ತಿಗೆ ತಾಯಂದಿರಲ್ಲಿ ಮಧ್ಯಮ ಪ್ರಮಾಣದ ಖಿನ್ನತೆ ಕೂಡ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಹೊಸ ಔಷಧ ಬಂದಿರಲಿಲ್ಲ, ಹೊಸ ಯಂತ್ರ ಬಂದಿರಲಿಲ್ಲ. ಬಂದದ್ದು ಕೂತು ಮಾತಾಡುವ ಜಾಗ.

ಆರೋಗ್ಯದ ಯಾವುದೇ ಹೊಸ ಸವಲತ್ತು ಬಂದರೂ ಅದು ಮೊದಲು ತಲುಪುವುದು ರಸ್ತೆ ಪಕ್ಕದ ಮನೆಗೆ, ಓದಿದವರ ಮನೆಗೆ, ಕೈಯಲ್ಲಿ ಕಾಸಿದ್ದವರ ಮನೆಗೆ. ಕೇರಿಗೆ, ಹಟ್ಟಿಗೆ, ತಾಂಡಾಕ್ಕೆ ತಲುಪುವಾಗ ತಡವಾಗಿರುತ್ತದೆ. ಹೀಗಾಗಿ ಸರಾಸರಿ ಸುಧಾರಿಸಿದರೂ ಅಂತರ ಹಿಗ್ಗುತ್ತದೆ. ಏಕಜುಟ್ ಪ್ರಯೋಗದ ಅಂಕಿಗಳನ್ನು ಮತ್ತೆ ಬಿಡಿಸಿ ನೋಡಿದಾಗ ಇದಕ್ಕೆ ಉಲ್ಟಾ ಕಂಡಿತು: ಅತ್ಯಂತ ಹಿಂದುಳಿದ ಕುಟುಂಬಗಳಲ್ಲೇ ಹೆಚ್ಚು ಪ್ರಯೋಜನ ಆಗಿತ್ತು. ಸಮಾನತೆ ಎನ್ನುವುದು ಭಾಷಣದ ಪದವಾಗಿ ಉಳಿಯದೆ ಅಂಕಿಯಲ್ಲಿ ಕಾಣಿಸಿಕೊಂಡ ಅಪರೂಪದ ಸಂದರ್ಭ ಇದು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇಂಥ ಮಹಿಳಾ ಗುಂಪುಗಳನ್ನು ಗ್ರಾಮೀಣ ಪ್ರದೇಶಗಳಿಗೆ ಶಿಫಾರಸು ಮಾಡಿತು.

ಹೀಗೆ ಹೇಳಿದರೆ ಸಭೆ ಕರೆದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಅರ್ಥವಲ್ಲ. ಬಾಂಗ್ಲಾದೇಶದಲ್ಲಿ ಇದೇ ಬಗೆಯ ಪ್ರಯೋಗ ಮೊದಲ ಸಲ ಸೋತಿತು. ಮರಣ ಪ್ರಮಾಣದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಯಾಕೆ ಎಂದು ನೋಡಿದರೆ, ಜನಸಂಖ್ಯೆಗೆ ಹೋಲಿಸಿದಾಗ ಗುಂಪುಗಳೇ ತೀರಾ ಕಡಿಮೆ ಇದ್ದವು, ಗರ್ಭಿಣಿಯರಲ್ಲಿ ಹೆಚ್ಚಿನವರು ಸಭೆಗೆ ಬಂದೇ ಇರಲಿಲ್ಲ. ಗುಂಪುಗಳ ಸಂಖ್ಯೆ ಹೆಚ್ಚಿಸಿ ಮತ್ತೆ ಮಾಡಿದರು. 2013ರಲ್ಲಿ ಪ್ರಕಟವಾದ ಆ ಎರಡನೇ ಪ್ರಯೋಗದಲ್ಲಿ ನವಜಾತ ಶಿಶು ಮರಣ ಶೇ 38ರಷ್ಟು ಇಳಿದಿತ್ತು. ಸೋಲನ್ನು ಮುಚ್ಚಿಡದೆ ಬಿಚ್ಚಿಟ್ಟದ್ದರಿಂದಲೇ ಗೆಲುವು ಬಂತು. ಸೋತ ಪ್ರಯೋಗದ ಫಲಿತಾಂಶವೂ ಊರಿಗೆ ಗೊತ್ತಾಗಬೇಕು ಎಂದು ನಾವು ಹೇಳುವುದು ಇದಕ್ಕೇ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಮತ್ತು ಅವರ ಸಂಗಡಿಗರು ಹೆಣ್ಣು, ಬಡತನ, ಜಾತಿ ಮತ್ತು ಆರೋಗ್ಯದ ಬಗ್ಗೆ ದೊಡ್ಡ ಅಧ್ಯಯನ ನಡೆಸಿದರು. ಅದರ ಒಂದು ಮುಖ್ಯ ಪ್ರಬಂಧ 2007ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಬಂದಿದೆ. ಅದು ಹೇಳುವ ಸಂಗತಿಯನ್ನು ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ: ಬಡವರ ಮನೆಯಲ್ಲಿ ಔಷಧಿಗೆ ದುಡ್ಡು ಸಾಲದಾದಾಗ ಕಡಿತ ಮೊದಲು ಬೀಳುವುದು ಹೆಂಗಸಿನ ಪಾಲಿಗೆ. ಅವಳ ನೋವು ರೋಗ ಅಂತಲೇ ಲೆಕ್ಕಕ್ಕೆ ಬರುವುದಿಲ್ಲ. 'ಹೆಂಗಸರಿಗೆ ಇದೆಲ್ಲ ಇದ್ದದ್ದೇ' ಅನ್ನುವ ಒಂದು ಮಾತಿನಲ್ಲಿ ಬೆನ್ನುನೋವೂ ಮುಗಿಯುತ್ತದೆ, ಬಿಳಿಮುಟ್ಟೂ ಮುಗಿಯುತ್ತದೆ.

ಅದೇ ತಂಡ ಬಾಣಂತಿ ಸಾವುಗಳ ಬಗ್ಗೆಯೂ ಬರೆಯಿತು. ಹಳ್ಳಿಯವರಿಗೆ ಅರಿವಿಲ್ಲ, ಮೂಢನಂಬಿಕೆ, ಆಸ್ಪತ್ರೆಗೆ ಕರೆತರುವುದೇ ಇಲ್ಲ ಎನ್ನುವುದು ಆಗ ಕೇಳಿಬರುತ್ತಿದ್ದ ಮಾತು. ಈಗಲೂ ಕೇಳಿಬರುತ್ತದೆ. ಆದರೆ ಸಾವಿನ ಮನೆಗಳಲ್ಲಿ ಕೂತು ಕೇಳಿದಾಗ ಹೊರಬಂದ ಚಿತ್ರ ಬೇರೆ. ಮನೆಯವರು ಒಬ್ಬರ ಬಳಿಯಿಂದ ಇನ್ನೊಬ್ಬರ ಬಳಿಗೆ ಅಲೆದಿದ್ದರು. ಅಲೆದಲ್ಲೆಲ್ಲ ಸಿಗಬೇಕಾದ ಆರೈಕೆ ಸಿಕ್ಕಿರಲಿಲ್ಲ. ಗರ್ಭಿಣಿಯ ತಪಾಸಣೆಗೆ, ಸಂತಾನಹರಣ ಚಿಕಿತ್ಸೆಗೆ ಇದ್ದ ಗಮನ ಹೆರಿಗೆಯ ಹೊತ್ತಿನ, ಹೆರಿಗೆಯ ನಂತರದ ತುರ್ತಿಗೆ ಇರಲಿಲ್ಲ. ಅಂದರೆ ಜನರ ಮೇಲೆ ಹೊರಿಸುತ್ತಿದ್ದ ಅಪವಾದವನ್ನು ಸಂಶೋಧನೆಯೇ ಇಳಿಸಿತು.

ಇದು ಯಾರಿಗೆ ಗೊತ್ತಾಗಬೇಕಿತ್ತು? ಪ್ರಬಂಧ ಓದುವ ಪ್ರಾಧ್ಯಾಪಕರಿಗಿಂತ ಮೊದಲು, ಮಗಳನ್ನು ಕಳಕೊಂಡು 'ನಾವೇ ತಡ ಮಾಡಿದೆವೇನೋ' ಎಂದು ವರ್ಷಗಟ್ಟಲೆ ಕೊರಗುವ ತಾಯಿಗೆ. ಗ್ರಾಮಸಭೆಯಲ್ಲಿ ಎದ್ದು ನಿಂತು, ಆ್ಯಂಬುಲೆನ್ಸ್ ಯಾಕೆ ಬರಲಿಲ್ಲ, ರಾತ್ರಿ ಡ್ಯೂಟಿ ಡಾಕ್ಟರ್ ಯಾಕಿಲ್ಲ ಎಂದು ಕೇಳಬೇಕಾದ ಸದಸ್ಯೆಗೆ. 'ನಿಮ್ಮ ತಪ್ಪಲ್ಲ' ಎಂದು ಹೇಳುವ ಕಾಗದ ಕೈಯಲ್ಲಿದ್ದರೆ ಆ ಸದಸ್ಯೆಯ ದನಿಯೇ ಬೇರೆ ಇರುತ್ತದೆ. ಆದರೆ ಆ ಕಾಗದ ಇಂಗ್ಲಿಷಿನಲ್ಲಿದೆ, ಪರಿಭಾಷೆಯಲ್ಲಿದೆ, ಹುಡುಕಲು ಗೊತ್ತಿದ್ದವರಿಗೆ ಮಾತ್ರ ಸಿಗುವ ಜಾಗದಲ್ಲಿದೆ.

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ 'ಸಮತಾ' ಪ್ರಯೋಗವನ್ನೂ ನೋಡಿ. ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳು ಹೈಸ್ಕೂಲು ಬಿಡದಂತೆ, ಬೇಗ ಮದುವೆ ಆಗದಂತೆ ನೋಡಿಕೊಳ್ಳಲು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 80 ಹಳ್ಳಿಗಳನ್ನು ಆಯ್ದುಕೊಂಡು, ಅದರಲ್ಲಿ ಅರ್ಧ ಹಳ್ಳಿಗಳಲ್ಲಿ ಹುಡುಗಿಯರ ಜೊತೆ, ಮನೆಯವರ ಜೊತೆ, ಶಾಲೆಗಳ ಜೊತೆ ಕೆಲಸ ಮಾಡಿತು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಎರಡೂ ಬಗೆಯ ಹಳ್ಳಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರ್ಯಕ್ರಮ ನಡೆಯದ ಊರುಗಳಲ್ಲೂ ಅದೇ ಅವಧಿಯಲ್ಲಿ ಹೆಚ್ಚು ಹುಡುಗಿಯರು ಶಾಲೆಯಲ್ಲಿ ಉಳಿಯತೊಡಗಿದ್ದರು.

ಇದನ್ನು ಸೋಲು ಎಂದು ಬದಿಗಿಡುವುದು ಸುಲಭ. ಆದರೆ ಆ ಸೀಮೆಯ ಎಸ್‌ಡಿಎಂಸಿ ಸದಸ್ಯರ ಮುಂದೆ ಇದನ್ನಿಟ್ಟು ನೋಡಿ, ಎಷ್ಟು ಪ್ರಶ್ನೆ ಹುಟ್ಟುತ್ತವೆ! ಹೊರಗಿನವರ ಕಾರ್ಯಕ್ರಮ ಇಲ್ಲದ ಊರಿನಲ್ಲೂ ಹುಡುಗಿಯರು ಓದು ಮುಂದುವರಿಸಿದ್ದಾರೆ ಎಂದರೆ ಅಲ್ಲಿ ಬದಲಾದದ್ದು ಏನು? ಬಸ್ಸೇ, ಹಾಸ್ಟೆಲ್ಲೇ, ಸೈಕಲ್ಲೇ, ಅಥವಾ ಅವ್ವಂದಿರ ಮನಸ್ಸೇ? ಈ ಪ್ರಶ್ನೆಗೆ ಉತ್ತರ ಗೊತ್ತಿರುವುದು ಸಂಶೋಧಕರಿಗಲ್ಲ, ಊರಿನವರಿಗೆ. ಫಲಿತಾಂಶ ಊರಿಗೆ ಮರಳಿದರೆ ಸಂಶೋಧನೆಗೇ ಲಾಭ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ನಾವು ಇಲ್ಲಿ ಒಂದೊಂದು ತಂಡದ ಮೇಲೆ ಬೆರಳು ತೋರಿಸುತ್ತಿಲ್ಲ. ಮೇಲೆ ಹೇಳಿದವರೆಲ್ಲ ಹಳ್ಳಿಗಳಲ್ಲಿ ವರ್ಷಗಟ್ಟಲೆ ಇದ್ದು ಕೆಲಸ ಮಾಡಿದವರು. ನಮ್ಮ ಪ್ರಶ್ನೆ ಪದ್ಧತಿಯ ಬಗ್ಗೆ. ಊರಿಗೆ ಮರಳಿ ಹೇಳುವುದು ಒಬ್ಬೊಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿ ಇನ್ನೂ ಎಷ್ಟು ವರ್ಷ ಇರಬೇಕು?

ನಿಯಮ ಇಲ್ಲವೇ ಎಂದರೆ, ಇದೆ. ಜಗತ್ತಿನ ವೈದ್ಯರ ಸಂಘ 1964ರಲ್ಲಿ ಒಪ್ಪಿ, ಆಮೇಲೆ ಹಲವು ಸಲ ತಿದ್ದಿದ ಹೆಲ್ಸಿಂಕಿ ಘೋಷಣೆಯ ಪ್ರಕಾರ ವೈದ್ಯಕೀಯ ಸಂಶೋಧನೆಯಲ್ಲಿ ಭಾಗಿಯಾದವರಿಗೆ ಅದರ ಒಟ್ಟು ಫಲಿತಾಂಶ ತಿಳಿಯುವ ಅವಕಾಶ ಇರಬೇಕು. ನಮ್ಮದೇ ಐಸಿಎಂಆರ್ 2017ರಲ್ಲಿ ಹೊರತಂದ ನೀತಿ ಮಾರ್ಗಸೂಚಿಯಲ್ಲೂ ಸಮುದಾಯವನ್ನು ಒಳಗೊಳ್ಳುವ, ಲಾಭವನ್ನು ಹಂಚಿಕೊಳ್ಳುವ ಮಾತಿದೆ. ಆದರೆ ಸಂಶೋಧನೆ ಶುರುವಾಗುವ ಮೊದಲು ಒಪ್ಪಿಗೆ ಪತ್ರ ಕನ್ನಡದಲ್ಲಿ ಇದೆಯೇ ಎಂದು ನೀತಿ ಸಮಿತಿಗಳು ನೋಡುವಷ್ಟು ಕಟ್ಟುನಿಟ್ಟಾಗಿ, ಸಂಶೋಧನೆ ಮುಗಿದ ಮೇಲೆ ಫಲಿತಾಂಶ ಕನ್ನಡದಲ್ಲಿ ಊರಿಗೆ ಹೋಯಿತೇ ಎಂದೂ ನೋಡಬೇಕಲ್ಲ. ಕೇಳುವಾಗ ಬೇಕಾದ ಕನ್ನಡ ಹೇಳುವಾಗ ಯಾಕೆ ಬೇಡ?

ಸರ್ಕಾರದ ಸರ್ವೆಗಳ ಕಥೆಯೂ ಇದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019ರಿಂದ 2021ರ ನಡುವೆ ನಡೆಯಿತು. ಅದರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 48ರಷ್ಟು ಜನರಿಗೆ ರಕ್ತಹೀನತೆ ಇದೆ. ಹಿಂದಿನ ಸುತ್ತಿನಲ್ಲಿ ಅದು ಶೇ 45ರಷ್ಟಿತ್ತು, ಅಂದರೆ ಇಳಿಯುವ ಬದಲು ಏರಿದೆ. ಜಿಲ್ಲೆವಾರು ಅಂಕಿಗಳೂ ಇವೆ. ಆದರೆ ತಾಯಿ ಕಾರ್ಡು ಹಿಡಿದು ಬರುವ ಹೆಣ್ಣುಮಗಳಿಗಾಗಲಿ, ಆ ಕಾರ್ಡು ತುಂಬುವ ಅಂಗನವಾಡಿ ಟೀಚರ್‌ಗಾಗಲಿ 'ನಮ್ಮ ಜಿಲ್ಲೆ ಎಲ್ಲಿದೆ' ಎಂದು ಅವರದೇ ಭಾಷೆಯಲ್ಲಿ ಹೇಳಿದವರು ಯಾರು? ಲೆಕ್ಕ ಬರೆಯುವವರು ಅವರೇ, ಲೆಕ್ಕಕ್ಕೆ ಒಳಗಾದವರೂ ಅವರೇ. ಲೆಕ್ಕದ ಮೊತ್ತ ಮಾತ್ರ ಅವರಿಗೆ ಬರುವುದಿಲ್ಲ.

ಲೆಕ್ಕವನ್ನು ಊರ ಮುಂದೆ ಗಟ್ಟಿಯಾಗಿ ಓದಿದರೆ ಏನಾಗುತ್ತದೆ ಎಂದು ರಾಜಸ್ಥಾನದ ಕೂಲಿಕಾರರು ತೋರಿಸಿದ್ದಾರೆ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಊರಿನಲ್ಲಿ ಮೊದಲ ಜನಸುನವಾಯಿ ನಡೆಸಿತು. ಸರ್ಕಾರಿ ಕಾಮಗಾರಿಯ ದಾಖಲೆಗಳನ್ನು ಜನರ ಮುಂದೆ ಓದಿ ಹೇಳಿದರು, ಅಷ್ಟೇ. ಕೆಲಸವೇ ಮಾಡದವರ ಹೆಸರು, ಮುಗಿಯದೇ ಮುಗಿದ ಕಾಮಗಾರಿ ಎಲ್ಲ ಹೊರಬಂತು. ಆ ದಾರಿಯೇ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆಯ ತನಕ ಹೋಯಿತು. ಉದ್ಯೋಗ ಖಾತ್ರಿಯ ಲೆಕ್ಕವನ್ನು ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ಓದಬೇಕು ಎನ್ನುವುದು ಕಾನೂನಾಗಿಯೇ ಬಂತು. ಮಸ್ಟರ್ ರೋಲನ್ನು ಓದಿಸಬಹುದಾದರೆ ಕೂಸುಗಳ ತೂಕದ ಲೆಕ್ಕವನ್ನು ಯಾಕೆ ಓದಿಸಬಾರದು?

ಇದಕ್ಕೆ ಆಕ್ಷೇಪಗಳಿವೆ. ಮೊದಲನೆಯದು ಮತ್ತು ಗಟ್ಟಿಯಾದದ್ದು ಗೌಪ್ಯತೆ. ಚಿಕ್ಕ ಊರಿನಲ್ಲಿ 'ಇಬ್ಬರಿಗೆ ಎಚ್‌ಐವಿ ಇದೆ' ಎಂದರೆ ಆ ಇಬ್ಬರು ಯಾರು ಎಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಹೊಡೆತ, ಗರ್ಭಪಾತ, ಮಾನಸಿಕ ಕಾಯಿಲೆ ಇವೆಲ್ಲ ಹಾಗೆಯೇ. ಈ ಮಾತನ್ನು ನಾವು ಪೂರ್ತಿ ಒಪ್ಪುತ್ತೇವೆ. ಅಂಥ ಅಂಕಿಗಳನ್ನು ಊರಿನ ಮಟ್ಟದಲ್ಲಿ ಹೇಳಲೇಬಾರದು. ಹೋಬಳಿಯ, ತಾಲ್ಲೂಕಿನ ಮಟ್ಟದಲ್ಲಿ ಒಟ್ಟಾಗಿ ಹೇಳಬಹುದು, ಕೆಲವನ್ನು ಹೆಣ್ಣುಮಕ್ಕಳ ಸಭೆಯಲ್ಲಿ ಮಾತ್ರ ಹೇಳಬಹುದು. ಆದರೆ ಹೇಗೆ ಹೇಳಬೇಕು ಎನ್ನುವ ಕಷ್ಟವನ್ನು ತೋರಿಸಿ ಏನೂ ಹೇಳದೆ ಇರುವುದು ಸರಿಯಲ್ಲ. ನೀರಿನ ಫ್ಲೋರೈಡಿಗೆ, ಅಂಗನವಾಡಿ ಮೊಟ್ಟೆಗೆ, ಉಪಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಯಾವ ಗುಟ್ಟು?

ಎರಡನೆಯದು, ಜನರಿಗೆ ಅರ್ಥವಾಗುವುದಿಲ್ಲ ಎನ್ನುವ ಮಾತು. ಮಳೆ ನಕ್ಷತ್ರದ ಲೆಕ್ಕ, ಬಡ್ಡಿಯ ಲೆಕ್ಕ, ಸಂಘದ ಸಾಲದ ಕಂತಿನ ಲೆಕ್ಕ ಅರ್ಥವಾಗುವವರಿಗೆ 'ನೂರು ಮಕ್ಕಳಲ್ಲಿ ಮೂವತ್ತೈದು' ಅರ್ಥವಾಗುವುದಿಲ್ಲವೇ? ಓದು ಬಾರದ ಹೆಣ್ಣುಮಕ್ಕಳು ಚಿತ್ರದ ಕಾರ್ಡು ಹಿಡಿದು ಮಾಡಿದ ಚರ್ಚೆಯ ಫಲವನ್ನು ಜಗತ್ತೇ ಒಪ್ಪಿದೆ. ಅರ್ಥವಾಗದೆ ಇದ್ದರೆ ಕೊರತೆ ಇರುವುದು ಹೇಳುವವರಲ್ಲಿ.

ಮೂರನೆಯದು, ದುಡ್ಡು ಮತ್ತು ಸಮಯ. ಯೋಜನೆ ಮುಗಿದ ಮೇಲೆ ಹಳ್ಳಿಗೆ ಹೋಗಲು ಬಜೆಟ್ ಇರುವುದಿಲ್ಲ ಎನ್ನುತ್ತಾರೆ. ಹಾಗಾದರೆ ಅದನ್ನು ಮೊದಲೇ ಬಜೆಟ್ಟಿನಲ್ಲಿ ಬರೆಯಿರಿ. ದೂರದ ನಗರದ ಸಮ್ಮೇಳನಕ್ಕೆ ವಿಮಾನದ ಟಿಕೆಟ್ ಬರೆಯುವ ಕಡೆ, ಸರ್ವೆ ಮಾಡಿದ ಊರುಗಳಿಗೆ ಬಸ್ ಚಾರ್ಜು ಮತ್ತು ನಾಲ್ಕು ಪುಟದ ಕನ್ನಡ ಹೊತ್ತಗೆಯ ಮುದ್ರಣದ ಖರ್ಚು ಬರೆಯುವುದು ದೊಡ್ಡ ಮಾತೇನಲ್ಲ. ಸರ್ವೆಗೆ ಒಂದು ಗಂಟೆ ಕೂತ ಹೆಣ್ಣುಮಗಳು ತನ್ನ ಕೂಲಿಯಲ್ಲಿ ಒಂದು ಗಂಟೆ ಬಿಟ್ಟುಕೊಟ್ಟಿದ್ದಾಳೆ. ಅದು ಯಾವ ಬಜೆಟ್ಟಿನಲ್ಲೂ ನಮೂದಾಗಿಲ್ಲ.

ಈ ಹೊತ್ತಿನಲ್ಲಿ ಪತ್ರಿಕೆಗಳ ಪಾತ್ರವನ್ನೂ ಹೇಳಬೇಕು. ಆರೋಗ್ಯದ ವರದಿ ಬಂದಾಗ ಸಾಮಾನ್ಯವಾಗಿ ಕಾಣುವ ತಲೆಬರಹ 'ಜಿಲ್ಲೆಗೆ ಕೊನೆಯ ಸ್ಥಾನ' ಅಥವಾ 'ರಾಜ್ಯಕ್ಕೆ ಮೂರನೇ ಸ್ಥಾನ'. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಹಾಗೆ. ಸ್ಥಾನ ಗೊತ್ತಾಗುತ್ತದೆ, ಕಾರಣ ಗೊತ್ತಾಗುವುದಿಲ್ಲ. ಒಂದೇ ಜಿಲ್ಲೆಯೊಳಗೆ ನೀರಾವರಿ ಸೀಮೆಗೂ ಒಣ ಸೀಮೆಗೂ, ಊರಿಗೂ ತಾಂಡಾಕ್ಕೂ ಇರುವ ಅಂತರ ಜಿಲ್ಲೆಯ ಸರಾಸರಿಯಲ್ಲಿ ಅಡಗಿ ಕೂತಿರುತ್ತದೆ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಜಿಲ್ಲೆ ಬಿಟ್ಟು ತಾಲ್ಲೂಕನ್ನೇ ಘಟಕವಾಗಿ ಇಟ್ಟುಕೊಂಡಿತು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದು ಹೆಸರು ಸಮೇತ ಹೇಳಿತು. ಅವತ್ತಿನಿಂದ ಇವತ್ತಿನವರೆಗೆ ಕಲ್ಯಾಣ ಕರ್ನಾಟಕದ ಸಾಮಾನ್ಯ ಕಾರ್ಯಕರ್ತರೂ ಆ ವರದಿಯ ಹೆಸರು ಹಿಡಿದು ಪ್ರಶ್ನೆ ಕೇಳುತ್ತಾರೆ. ಯಾಕೆಂದರೆ ಅದರಲ್ಲಿ ಅವರ ತಾಲ್ಲೂಕಿನ ಹೆಸರಿದೆ. ಅಂಕಿ ತಮ್ಮದು ಅನ್ನಿಸಿದಾಗ ಜನ ಅದನ್ನು ಬಳಸುತ್ತಾರೆ.

ಹಾಗಾದರೆ ಏನು ಮಾಡಬೇಕು? ನಾವು ಕೇಳುವುದು ದೊಡ್ಡ ಕ್ರಾಂತಿಯನ್ನಲ್ಲ.

ಸಂಶೋಧಕರು ಪ್ರಬಂಧದ ಜೊತೆಗೇ ನಾಲ್ಕು ಪುಟದ ಕನ್ನಡ ಸಾರಾಂಶ ಬರೆಯಲಿ. ಏನು ಕೇಳಿದೆವು, ಏನು ಕಂಡಿತು, ಏನು ಗೊತ್ತಾಗಲಿಲ್ಲ, ಊರು ಇದರಿಂದ ಏನು ಕೇಳಬಹುದು ಎಂಬ ನಾಲ್ಕು ಭಾಗ ಸಾಕು. ಅದನ್ನು ಗ್ರಾಮಸಭೆಯಲ್ಲಿ, ಆಗದಿದ್ದರೆ ವಾರ್ಡ್ ಸಭೆಯಲ್ಲಿ ಓದಲಿ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಬರೆದುಕೊಂಡು ಹೋಗಲಿ.

ನೀತಿ ಸಮಿತಿಗಳು ಒಪ್ಪಿಗೆ ಕೊಡುವಾಗಲೇ 'ಯಾವ ತಿಂಗಳು, ಯಾವ ಊರಿಗೆ ಮರಳಿ ಹೋಗುತ್ತೀರಿ' ಎಂದು ಕೇಳಲಿ. ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರಬಂಧ ಒಪ್ಪುವ ಮುಂಚೆ ಆ ಸಭೆಯ ನಡಾವಳಿಯ ಪ್ರತಿ ಕೇಳಲಿ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯ ಇರುವ ರಾಜ್ಯ ನಮ್ಮದು. ಈ ಪದ್ಧತಿಯನ್ನು ಮೊದಲು ರೂಢಿಗೆ ತರಲು ಅದಕ್ಕಿಂತ ಸರಿಯಾದ ಜಾಗ ಇನ್ನೊಂದಿಲ್ಲ. 2014ರಲ್ಲಿ ಶುರುವಾದ ಉನ್ನತ ಭಾರತ ಅಭಿಯಾನದಲ್ಲಿ ಕಾಲೇಜುಗಳು ಹಳ್ಳಿಗಳನ್ನು ದತ್ತು ತೆಗೆದುಕೊಂಡು ಮನೆಮನೆ ಸರ್ವೆ ಮಾಡುತ್ತವೆ. ಆ ಸರ್ವೆಯ ಸಾರ ಪಂಚಾಯಿತಿಯ ಗೋಡೆಯ ಮೇಲೆ ಬರಲಿ.

ಪಂಚಾಯಿತಿಗಳೂ ಕೈಕಟ್ಟಿ ಕೂರಬೇಕಿಲ್ಲ. ಊರಿಗೆ ಬಂದ ಸಂಶೋಧಕರ ಹೆಸರು, ಸಂಸ್ಥೆ, ವಿಷಯ, ಮರಳಿ ಬರುವ ದಿನಾಂಕ ಬರೆದಿಡಲು ಒಂದು ರಿಜಿಸ್ಟರ್ ಸಾಕು. ಪ್ರತಿ ಊರಿನಲ್ಲೂ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಕಾಗದದ ಮೇಲಾದರೂ ಇದೆ. ಆ ರಿಜಿಸ್ಟರ್ ಅದರ ಕೈಯಲ್ಲಿರಲಿ. ಸಮಿತಿಗೆ ಮಾಡಲು ಒಂದು ನಿಜವಾದ ಕೆಲಸವೂ ಸಿಕ್ಕಂತಾಗುತ್ತದೆ.

ಇನ್ನು ನಾವು, ಗ್ರಾಮೀಣ ಪತ್ರಿಕೋದ್ಯಮ ಓದಿ ತಾಲ್ಲೂಕು ಕೇಂದ್ರಗಳಲ್ಲಿ, ಸ್ಥಳೀಯ ಪತ್ರಿಕೆಗಳಲ್ಲಿ, ಸಮುದಾಯ ಬಾನುಲಿಗಳಲ್ಲಿ ಕೆಲಸ ಮಾಡುವವರು. ಇಂಗ್ಲಿಷ್ ಪ್ರಬಂಧ ಓದುವುದು ನಮಗೂ ಕಷ್ಟವೇ, ಆದರೆ ಓದಬಲ್ಲೆವು. ಊರಿನ ಮಾತೂ ನಮಗೆ ಬರುತ್ತದೆ. ಎರಡೂ ಬರುವವರು ಹೆಚ್ಚಿಲ್ಲ. ಈ ಬ್ಲಾಗಿನ ಗೆಳೆಯರಲ್ಲಿ ನಮ್ಮ ಕೋರಿಕೆ: ನಿಮ್ಮ ತಾಲ್ಲೂಕಿನ ಬಗ್ಗೆ ಹಿಂದೆ ನಡೆದಿರುವ ಒಂದು ಅಧ್ಯಯನವನ್ನು ಹುಡುಕಿ. ಬರೆದವರಿಗೆ ಇಮೇಲ್ ಹಾಕಿ ಪ್ರತಿ ಕೇಳಿ, ಅನುಮಾನವಿದ್ದಲ್ಲಿ ಅವರನ್ನೇ ಕೇಳಿ. ಅದನ್ನು ಕನ್ನಡದಲ್ಲಿ ಸರಳವಾಗಿ ಬರೆಯಿರಿ. ಸ್ಥಾನಪಟ್ಟಿಯ ಸುದ್ದಿ ಮಾಡಬೇಡಿ, ಕಾರಣದ ಸುದ್ದಿ ಮಾಡಿ. ಯಾರ ಗುಟ್ಟೂ ಬಯಲಾಗದಂತೆ ನೋಡಿಕೊಳ್ಳಿ. ಬರೆದ ಮೇಲೆ ಅದನ್ನು ಅಂಗನವಾಡಿ ಟೀಚರ್‌ಗೆ, ಆಶಾಗೆ, ಪಂಚಾಯಿತಿಯ ಸದಸ್ಯೆಗೆ ತಲುಪಿಸಿ. ಅವರು ಅದನ್ನು ಒಪ್ಪುತ್ತಾರೋ ಇಲ್ಲವೋ ಕೇಳಿ, ಅದನ್ನೂ ಬರೆಯಿರಿ.

ಮತ್ತು ಊರಿನವರಿಗೆ ಒಂದು ಮಾತು ಕಲಿಸೋಣ. ಮುಂದಿನ ಸಲ ಯಾರಾದರೂ ಹಾಳೆಯೋ ಟ್ಯಾಬೋ ಹಿಡಿದು ಬಂದು, 'ಅಕ್ಕಾರೆ, ಒಂದು ಹತ್ತು ನಿಮಿಷ ಮಾತಾಡ್ಬೇಕಿತ್ತು' ಎಂದರೆ ಬೇಡ ಅನ್ನುವುದು ಬೇಡ. ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಹೆಬ್ಬೆಟ್ಟು ಒತ್ತುವ ಮುಂಚೆ ಇಷ್ಟು ಕೇಳಿದರೆ ಸಾಕು: 'ಆಯ್ತಪ್ಪ, ಹೇಳ್ತೀವಿ. ನೀವು ಯಾವಾಗ ಬಂದು ಹೇಳ್ತೀರಿ?'